ಟೋಪಿಗೆ ಗಾಜಿನ ಮನೆ, ತೊಗಲು ಹದ ಮಾಡಿದವನಿಗೆ?

1806ರಲ್ಲಿ ಮದರಾಸು ಸೈನ್ಯದ ಸಿಪಾಯಿಗಳ ತಲೆಗೆ ಕಂಪನಿ ಸರ್ಕಾರ ಹೊಸ ಪೇಟ ಹೊರಿಸಲು ಹೊರಟಿತು. ಅದರಲ್ಲಿ ತೊಗಲಿನ ಬಿಲ್ಲೆ ಇತ್ತು. ಹಸುವಿನದೋ ಹಂದಿಯದೋ, ತಲೆ ಮೇಲೆ ಚಕ್ಕಳ ಇಡೋಲ್ಲ ಅಂದರು ಸಿಪಾಯಿಗಳು. ಒಲ್ಲೆ ಅಂದವರ ಬೆನ್ನಿಗೆ ಚಾಟಿ ಬಿತ್ತು. ಜುಲೈ 10ರಂದು, ಟಿಪ್ಪುವಿನ ಮಕ್ಕಳನ್ನು ಸೆರೆಯಿಟ್ಟಿದ್ದ ವೇಲೂರು ಕೋಟೆಯಲ್ಲಿ ದಂಗೆಯೇ ಎದ್ದಿತು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಮತ್ತೆ ಏಟು ಬಿತ್ತು. ಈ ಸಲ, ಸತ್ತ ಹಸುವಿನ ಚರ್ಮ ಸುಲಿದ ನಮ್ಮವರಿಗೆ. ತೊಗಲು ಬೇಡ ಅಂದವನಿಗೂ ಏಟು, ತೊಗಲು ಮುಟ್ಟಿದವನಿಗೂ ಏಟು.

ಅದೇ ತೊಗಲು ಹಳತಾಗಿ ಮ್ಯೂಸಿಯಮ್ಮು ಸೇರಿದರೆ? 1842ರಲ್ಲಿ ಪ್ರಷ್ಯಾದ ರಾಜ ತನ್ನ ಕಾಲಾಳುಗಳಿಗೆ ಕೊಡಿಸಿದ ಮೊನೆಯ ತೊಗಲು ಟೋಪಿಗಳು ಇವತ್ತು ಗಾಜಿನ ಪೆಟ್ಟಿಗೆಯಲ್ಲಿ ಕೂತಿವೆ. ಏನು ಉಪಚಾರ! ಗಾಳಿಯ ತೇವ ನೂರಕ್ಕೆ 45ರಿಂದ 55ರೊಳಗಿರಬೇಕು. 65 ದಾಟಿದರೆ ಬೂಸ್ಟು, ತೀರಾ ಒಣಗಿದರೆ ಬಿರುಕು. ಬೆಳಕು 50 ಲಕ್ಸ್ ಮೀರಬಾರದು. ಸುಣ್ಣದ ತೊಟ್ಟಿಯಲ್ಲಿ ಕೈ ಸುಟ್ಟುಕೊಂಡವನ ಗುಡಿಸಲಿನ ತೇವವನ್ನು ಯಾರು ಅಳೆದರು?

"ಹಾಳಾಗಲಿ ಬಿಡ್ರಪ್ಪಾ, ತೊಗಲಿನ ಸಹವಾಸ ಸಾಕು ಅಂತಲೇ ಓದೋಕೆ ಬಂದಿದ್ದೀವಿ" ಅಂತಾರೆ ಹಾಸ್ಟೆಲಿನ ಕೆಲವರು. ನಾವು ಒಪ್ಪೋದಿಲ್ಲ. ತೊಗಲಿನ ಹೊರೆ ಬೇರೆ, ತೊಗಲಿನ ತಿಳಿವಳಿಕೆ ಬೇರೆ. ಹೊರೆ ನಮ್ಮ ಮೇಲೆ ಹೇರಿದ್ದು, ಎಸೆಯೋಣ. ತಿಳಿವಳಿಕೆ ನಮ್ಮ ಹಿರಿಯರು ಗಳಿಸಿದ್ದು. ಅದನ್ನು ಎಸೆದರೆ ನಮ್ಮ ಆಸ್ತಿಗೆ ಬೇರೆಯವರು ಪಂಡಿತರಾಗುತ್ತಾರೆ.

ಟೋಪಿ ಎಷ್ಟು ವರ್ಷ ಬಾಳುತ್ತೆ ಅನ್ನೋದು ಹದದ ತೊಟ್ಟಿಯಲ್ಲೇ ಅರ್ಧ ತೀರ್ಮಾನವಾಗುತ್ತೆ. ಕಲ್ಲಿದ್ದಲ ಹೊಗೆಯ ಗಂಧಕ ತೊಗಲಿನೊಳಗೆ ಆಮ್ಲವಾಗುತ್ತೆ. ತಂಗಡಿ ಚಕ್ಕೆಯ ಹದ ಅದಕ್ಕೆ ಬೇಗ ಸೋಲುತ್ತೆ, ಅಳಲೆಕಾಯಿಯ ಹದ ಹೆಚ್ಚು ತಾಳುತ್ತೆ. ಸೋತ ತೊಗಲು ಕೆಂಪು ಪುಡಿಯಾಗಿ ಉದುರುತ್ತೆ. ಅದು ಮತ್ತೆ ಮೊದಲಿನಂತಾಗೋಲ್ಲ. ಅಂಥದಕ್ಕೆ ನೀರು ತಾಗಿಸಿದರೆ ಕಪ್ಪಾಗಿ ಸೆಟೆದುಕೊಳ್ಳುತ್ತೆ.

ಆದ್ದರಿಂದ ಹಳೇ ತೊಗಲು ಟೋಪಿ ಕೈಗೆ ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಎಣ್ಣೆ, ಪಾಲಿಶ್ ಹಚ್ಚಬೇಡಿ. ಎಣ್ಣೆ ಧೂಳು ಹಿಡಿಯುತ್ತೆ, ಹಿತ್ತಾಳೆ ಬಿಲ್ಲೆಯ ಸುತ್ತ ಹಸಿರು ಕಿಲುಬು ಕಟ್ಟುತ್ತೆ. ಮೊನೆ ಹಿಡಿದು ಎತ್ತಬೇಡಿ, ಗದ್ದದ ಪಟ್ಟಿಯಿಂದ ನೇತುಹಾಕಬೇಡಿ. ಒಳಗೆ ನ್ಯೂಸ್‌ಪೇಪರ್ ತುರುಕಬೇಡಿ, ಅದರಲ್ಲೂ ಆಮ್ಲವಿದೆ. ಆಮ್ಲವಿಲ್ಲದ ಕಾಗದ, ಇಲ್ಲವೇ ಚೆನ್ನಾಗಿ ಒಗೆದ ಬಿಳಿ ಹತ್ತಿ ಬಟ್ಟೆ ತುಂಬಿ, ತಲೆಯ ಆಕಾರ ನಿಲ್ಲಲಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಒಳಗೇ ಬೆವೆತು ಬೂಸ್ಟು ಹಿಡಿಯುತ್ತೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇಡಿ.

ಇಷ್ಟು ಮಾಡಿದರೆ ಟೋಪಿ ಉಳಿದೀತು. ಪಕ್ಕದ ಚೀಟಿ? ಅದರಲ್ಲಿ ರಾಜನಿದ್ದಾನೆ, ಪಡೆಯಿದೆ. ಜರ್ಮನಿಯ ಹದಗಾರನಿಗೆ ನಮ್ಮ ಜಾತಿಯ ಶಾಪವಿರಲಿಲ್ಲ, ಆದರೂ ಅವನ ಹೆಸರಿಲ್ಲ. ನಮ್ಮವನ ಹೆಸರು ಇನ್ನೆಲ್ಲಿ? ಹೆಸರು ಸಿಗದಿದ್ದರೆ ಕೆಲಸವನ್ನಾದರೂ ಬರೆಯಿರಿ ಅಂತ ಮ್ಯೂಸಿಯಮ್ಮಿನವರನ್ನು ಕೇಳೋಣ: ಯಾವ ಪ್ರಾಣಿಯ ತೊಗಲು, ಯಾವ ಚಕ್ಕೆಯ ಹದ, ಯಾರ ಕಸುಬು.

ಕೆಮಿಸ್ಟ್ರಿ ಓದುವ ಗೆಳೆಯರೇ, ಈ ವಿದ್ಯೆ ನಿಮ್ಮದು. ರಜೆಗೆ ಊರಿಗೆ ಹೋದಾಗ ತೊಗಲು ಹದ ಮಾಡಿದ ಅಜ್ಜಂದಿರನ್ನು ನಾಚಿಕೆಯಿಲ್ಲದೆ ಕೇಳಿ, ಬರೆದುಕೊಳ್ಳಿ. ಅವರು ಹೋದ ಮೇಲೆ ಚೀಟಿಯಲ್ಲಿ ಬರೆಯೋಕೆ ರಾಜನ ಹೆಸರೊಂದೇ ಉಳಿಯುತ್ತೆ.