ಅಡಿತೊಲೆ ನೇರವಿರಬೇಕು



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಮಕ್ಕಳ ವಿದ್ಯಾಭ್ಯಾಸ, ವಿವಾಹ, ವೃದ್ಧರ ಆರೈಕೆ ಮೊದಲಾದ ವಿಷಯಗಳನ್ನು ಕುರಿತವಾಗಿರುತ್ತವೆ. ಎರಡು ವರ್ಷಗಳ ಹಿಂದೆ ಹುಬ್ಬಳ್ಳಿಯ ತಾಯಿಯೊಬ್ಬರು ಬರೆದ ಪತ್ರ ಮಾತ್ರ ಇವಾವುದಕ್ಕೂ ಸೇರದುದಾಗಿತ್ತು. ಅದಕ್ಕೆ ಉತ್ತರ ಬರೆಯುವ ಅರ್ಹತೆ ಆಗ ನನಗಿರಲಿಲ್ಲ. ಇಂದು ಅವರ ಅನುಮತಿ ಪಡೆದು ಬರೆಯುತ್ತಿದ್ದೇನೆ.

ಪತ್ರದ ಸಾರಾಂಶ ಇದು: "ನಮ್ಮ ಮನೆಯವರು ನಿವೃತ್ತರಾಗಿ ಆರು ವರ್ಷಗಳಾದವು. ಎರಡು ವರ್ಷಗಳಿಂದ ಮರದ ಹಡಗೊಂದನ್ನು ಕಟ್ಟುತ್ತಿದ್ದಾರೆ. ಊಟದ ಮೇಜು ಅವರ ಪಾಲಾಗಿದೆ. ನಾವು ನೆಲದ ಮೇಲೆ ಉಣ್ಣುತ್ತೇವೆ. ಮಗ ಸೊಸೆ ಮೊದಮೊದಲು ನಗುತ್ತಿದ್ದರು, ಈಗ ನಗುವುದಿಲ್ಲ. ಹತ್ತು ತಿಂಗಳ ಕೆಲಸವನ್ನು ಕಳೆದ ವಾರ ತಮ್ಮ ಕೈಯಾರೆ ಕಿತ್ತುಹಾಕಿದರು. ಅಂದಿನಿಂದ ಯಾರೊಡನೆಯೂ ಮಾತಿಲ್ಲ, ಊಟ ಸರಿಯಾಗಿಲ್ಲ. ಇದನ್ನು ಬಿಡಿಸಬೇಕೇ? ಇದರಿಂದ ಪ್ರಯೋಜನವಾದರೂ ಏನು? ತಾವು ಹಿರಿಯರು, ಅವರಿಗೆ ಒಂದು ಮಾತು ಹೇಳಬೇಕು."

ಹೇಳಲು ನಾನಾರು? ಮೂವತ್ತು ದಾಟುವವರೆಗೆ ಸಮುದ್ರವನ್ನೇ ಕಾಣದ ಬಯಲುಸೀಮೆಯವನು ನಾನು. ಆದರೂ ಬೇರೊಂದು ಕಾರ್ಯನಿಮಿತ್ತ ಹುಬ್ಬಳ್ಳಿಗೆ ಹೋದಾಗ ಆ ಮನೆಯ ಬಾಗಿಲು ತಟ್ಟಿದೆ. ಯಜಮಾನರು ರೈಲ್ವೆ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು, ವಯಸ್ಸು ಅರವತ್ತಾರು. ಮೇಜಿನ ಮೇಲೆ ಹಡಗಿನ ಅಸ್ಥಿಪಂಜರ ಮಾತ್ರವಿತ್ತು. ಪಕ್ಕದಲ್ಲಿ ಕಿತ್ತ ಮರದ ಪಟ್ಟಿಗಳನ್ನು ದಾರದಿಂದ ಕಟ್ಟಿ ಇಟ್ಟಿದ್ದರು; ಎಸೆದಿರಲಿಲ್ಲ.

ಹಡಗಿನ ತಳದಲ್ಲಿ ಮುಂತುದಿಯಿಂದ ಹಿಂತುದಿಯವರೆಗೆ ಹೋಗುವ ಒಂದೇ ತೊಲೆ ಇರುತ್ತದೆ. ಅದೇ ಅದರ ಬೆನ್ನೆಲುಬು. ಇಲ್ಲಿ ಅದನ್ನು ಅಡಿತೊಲೆ ಎಂದು ಕರೆಯೋಣ. ಅವರು ಆ ಪಂಜರವನ್ನು ಎತ್ತಿ, ತೊಲೆಯ ಒಂದು ತುದಿಗೆ ಕಣ್ಣಿಟ್ಟು ನೋಡಲು ಹೇಳಿದರು. ನಡುವೆ ಜೋಳದ ಕಾಳಿನಷ್ಟು ಬಾಗಿತ್ತು.

"ಇಷ್ಟು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವಲ್ಲ?" ಎಂದೆ.

"ಈಗ ಬೀಳೂದಿಲ್ರಿ ಪಂಡಿತರ, ಮುಂದ ಬೀಳತೈತಿ. ಅಡಿತೊಲಿ ಸೊಟ್ಟಾದ್ರ ಪಟ್ಟಿ ಒಂದು ಮಗ್ಗಲಿಗೆ ಗಿಡ್ಡ ಬೀಳ್ತಾವ. ಅವನ್ನ ಹ್ಯಾಂಗರ ಕೂಡಿಸಿದ್ರ ಕಂಬ ವಾಲ್ತಾವ. ಕಂಬ ವಾಲಿದ್ರ ಹಗ್ಗ ಒಂದು ಕಡೆ ಬಿಗಿ, ಒಂದು ಕಡೆ ಸಡಲ. ಆವಾಗ ತಪ್ಪು ಎಲ್ಲೈತಿ ಅಂತ ಹುಡುಕಿದ್ರ ಸಿಗೂದಿಲ್ರಿ" ಎಂದರು.

ಕಾರಣವನ್ನೂ ಅವರೇ ಹೇಳಿದರು. ಮಗಳ ಮಗ ಬೇಸಿಗೆಯ ರಜೆಗೆ ಬರುವುದರೊಳಗೆ ಒಂದು ಮಗ್ಗುಲಾದರೂ ಪೂರ್ತಿಯಾಗಿ ಕಾಣಲೆಂಬ ಆತುರದಿಂದ ಪಟ್ಟಿಗಳನ್ನು ಒಂದೇ ಕಡೆಗೆ ಅಂಟಿಸುತ್ತ ಹೋದರಂತೆ. ನೆನೆಸಿ ಬಗ್ಗಿಸಿದ ಪಟ್ಟಿಗಳು ಒಣಗಿ ಬಿಗಿದಂತೆಲ್ಲ ಆ ಕಡೆಯ ಸೆಳೆತಕ್ಕೆ ತೊಲೆ ಬಾಗಿತು. ತೊಲೆಯನ್ನು ಹಲಗೆಗೆ ಭದ್ರವಾಗಿ ಬಂಧಿಸಿರಲಿಲ್ಲವೆಂಬುದು ಎರಡನೆಯ ತಪ್ಪು. "ಮತ್ತೊಮ್ಮಿ ಅಡಿತೊಲಿ ಇಡೋ ಧೈರ್ಯ ಈ ವಯಸ್ಸಿನಾಗ ಐತೇನು ಅಂತ ನನ್ನ ನಾನ ಕೇಳ್ಕೊಳ್ಳಾಕತ್ತೀನ್ರಿ" ಎಂದು ಸುಮ್ಮನಾದರು. ಮನೆಯವರಿಗೆ ಮುನಿಸಿನಂತೆ ತೋರಿದ ಮೌನದ ಅರ್ಥ ಇದಾಗಿತ್ತು.

ಅವರು ಕಟ್ಟಲು ಆರಿಸಿದ್ದ ಹಡಗು ಯಾವುದೆಂದು ವಿಚಾರಿಸಿದೆ. ನಕ್ಷೆಗಳ ಜೊತೆಗೆ ಅದರ ಚರಿತ್ರೆಯನ್ನೂ ಸಂಗ್ರಹಿಸಿಟ್ಟಿದ್ದರು. ಓದುವುದು ನನ್ನ ವೃತ್ತಿಯಾದ್ದರಿಂದ ಕುಳಿತು ಓದಿದೆ. ಹಡಗಿನ ಹೆಸರು 'ಟ್ರಿಂಕೋಮಲಿ'. ಸುಮಾರು 150 ಅಡಿ ಉದ್ದದ ಈ ಯುದ್ಧನೌಕೆಯನ್ನು ಇಂಗ್ಲೆಂಡಿನ ನೌಕಾಪಡೆಗಾಗಿ ಕಟ್ಟಿದವರು ಮುಂಬಯಿಯ ಪಾರ್ಸಿ ಶಿಲ್ಪಿ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ. ನೆಪೋಲಿಯನ್ನನೊಡನೆ ಯುದ್ಧ ನಡೆದಿದ್ದ ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಅಭಾವವಿತ್ತು. ನಮ್ಮ ಪಶ್ಚಿಮಘಟ್ಟಗಳ ಮಲಬಾರ್ ತೇಗಕ್ಕೆ ಬೇಡಿಕೆ ಬಂದಿತು. 1812ರಲ್ಲಿ ಇದರ ನಕ್ಷೆಗಳನ್ನು ಹೊತ್ತು ಹೊರಟ 'ಜಾವಾ' ಎಂಬ ಹಡಗು ಅದೇ ವರ್ಷದ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಹಡಗಿಗೆ ಸೋತು ನಾಶವಾಯಿತು. ನಕ್ಷೆಗಳೂ ಹೋದವು. ಎರಡನೆಯ ಪ್ರತಿಯನ್ನು ಕಳುಹಿಸಬೇಕಾಯಿತು. ಕೊನೆಗೆ 1816ರಲ್ಲಿ ಅಡಿತೊಲೆ ಇಟ್ಟಾಗ ಪಾರ್ಸಿಗಳ ಸಂಪ್ರದಾಯದಂತೆ ಅಕ್ಷರ ಕೆತ್ತಿದ ಬೆಳ್ಳಿಯ ಮೊಳೆಯೊಂದನ್ನು ಆ ತೊಲೆಯಲ್ಲಿ ಹೊಡೆದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಇನ್ನೂರು ವರ್ಷಗಳು ಕಳೆದರೂ ಅದು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನ ಸಂಗ್ರಹಾಲಯದಲ್ಲಿ ನೀರಿನ ಮೇಲಿದೆ.

ಓದಿ ಮುಗಿಸಿ ಹೇಳಿದೆ: "ತಾವು ಕಟ್ಟುತ್ತಿರುವ ಹಡಗಿನ ನಕ್ಷೆಯೇ ಒಮ್ಮೆ ಸಮುದ್ರದಲ್ಲಿ ನಷ್ಟವಾಗಿ, ಎರಡನೆಯ ನಕ್ಷೆಯಿಂದ ಕೆಲಸ ಆರಂಭವಾಯಿತಲ್ಲವೇ? ತಮ್ಮದು ಮೇಜಿನ ಮೇಲೆ ಕೆಟ್ಟಿತು. ಅಷ್ಟೇ ಭೇದ." ಅವರು ನಕ್ಕರು. ಆ ತಾಯಿ ಒಳಗಿನಿಂದ ಎರಡು ಲೋಟ ಚಹಾ ತಂದಿಟ್ಟು, ಬಹು ದಿನಗಳ ಮೇಲೆ ಅವರ ನಗು ಕೇಳಿದೆನೆಂದರು.

ಆಮೇಲೆ ಹುಬ್ಬಳ್ಳಿಗೆ ಹೋದಾಗಲೆಲ್ಲ ಆ ಮನೆಗೆ ಹೋಗುವುದು ರೂಢಿಯಾಯಿತು. ನಾನು ಕಣ್ಣಾರೆ ಕಂಡು ಕೇಳಿ ತಿಳಿದ ಕ್ರಮವನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. ಮನೆಯಲ್ಲಿ ಕೈಗೆಲಸದ ಆಸಕ್ತಿಯುಳ್ಳವರಿದ್ದರೆ ಉಪಯೋಗವಾದೀತು.

ಮೊದಲನೆಯದು ಅಳತೆಯ ನಿಷ್ಠೆ. ಇವರ ಹಡಗು ಮೂಲದ 96ನೆಯ ಒಂದು ಭಾಗ. ಎಂಟು ಅಡಿಗೆ ಒಂದು ಅಂಗುಲ. ಆದ್ದರಿಂದ ಒಡಲಿನ ಉದ್ದ ಸುಮಾರು 19 ಅಂಗುಲ. ಐದೂವರೆ ಅಡಿಯ ನಾವಿಕ ಇಲ್ಲಿ ಮುಕ್ಕಾಲು ಅಂಗುಲಕ್ಕೂ ಕಡಿಮೆ. ಅಂತಹ ಒಬ್ಬ ಮನುಷ್ಯನನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಕಟಕಟೆ, ಮೆಟ್ಟಿಲು, ಬಾಗಿಲು ಯಾವುದನ್ನು ಮಾಡಿದರೂ ಅವನನ್ನು ಪಕ್ಕದಲ್ಲಿ ನಿಲ್ಲಿಸಿ ನೋಡುತ್ತಾರೆ. ಅವನು ಹತ್ತಲಾರದ ಮೆಟ್ಟಿಲು ಎಷ್ಟು ಅಂದವಾಗಿದ್ದರೂ ಅಸತ್ಯವೆಂದು ತೆಗೆದುಬಿಡುತ್ತಾರೆ.

ಎರಡನೆಯದು ಮರದ ಆಯ್ಕೆ. ತೇಗದ ಹಡಗಿನ ಪ್ರತಿಕೃತಿಗೆ ತೇಗವೇ ತಕ್ಕುದೆಂದು ನಾನು ಎಣಿಸಿದ್ದೆ. ಅದು ತಪ್ಪು. ತೇಗದ ರಂಧ್ರಗಳೂ ಗೆರೆಗಳೂ ದೊಡ್ಡವು. ಹಡಗು ಕಿರಿದಾದಾಗ ಮರದ ಗೆರೆ ಕಿರಿದಾಗುವುದಿಲ್ಲ. ಹಲಗೆಯ ಮೇಲೆ ಹಳ್ಳ ತೋಡಿದಂತೆ ಕಾಣುತ್ತದೆ. ಆದಕಾರಣ ನುಣುಪಾದ, ಒತ್ತಾದ ಎಳೆಯ ಮರ ಬೇಕು. ಪಾಶ್ಚಾತ್ಯರು ಬಾಕ್ಸ್‌ವುಡ್, ಪೇರು ಮರಗಳನ್ನು ಬಳಸುತ್ತಾರೆ. ಇವರು ಅರಿಶಿನತೇಗವನ್ನೂ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರವನ್ನೂ ಆರಿಸಿದರು.

ಮೂರನೆಯದು ಪಂಜರ. ದಪ್ಪ ಹಲಗೆಯೊಂದರ ಮೇಲೆ ನೇರವಾದ ಗೆರೆ ಎಳೆದು, ಅದರ ಮೇಲೆ ಅಡಿತೊಲೆಯನ್ನು ಎರಡೂ ಬದಿಯಿಂದ ಬಂಧಿಸಿ ನಿಲ್ಲಿಸಬೇಕು. ಅದಕ್ಕೆ ಹಡಗಿನ ಅಡ್ಡಸೀಳಿನ ಆಕಾರದ ಚೌಕಟ್ಟುಗಳನ್ನು ಒಂದೊಂದಾಗಿ ಕಚ್ಚಿನಲ್ಲಿ ಕೂಡಿಸಿ, ಪ್ರತಿಯೊಂದನ್ನೂ ಮೂಲೆಮಟ್ಟದಿಂದ ಪರೀಕ್ಷಿಸಬೇಕು. ಚೌಕಟ್ಟುಗಳ ನಡುವೆ ಮರದ ತುಂಡುಗಳನ್ನು ತುಂಬಿದರೆ ತೊಲೆ ತಿರುಚುವುದಿಲ್ಲ. ಬಳಿಕ ತೆಳುವಾದ ಸಲಾಕೆಯನ್ನು ಉದ್ದಕ್ಕೂ ಹಾಸಿ ನೋಡಿ, ಅದು ಎಲ್ಲ ಚೌಕಟ್ಟುಗಳ ಅಂಚಿಗೂ ಸಮವಾಗಿ ತಾಗುವವರೆಗೆ ಉಪ್ಪುಕಾಗದದಿಂದ ಓರೆಯಾಗಿ ಉಜ್ಜಬೇಕು. ಇದಕ್ಕೆ ಇವರು ಒಂದು ತಿಂಗಳು ತೆಗೆದುಕೊಂಡರು.

ನಾಲ್ಕನೆಯದು ಪಟ್ಟಿ ಹೊದಿಸುವುದು. ಹಡಗಿನ ನಡುಭಾಗದ ಸುತ್ತಳತೆ ಹೆಚ್ಚು, ಮುಂಭಾಗದ್ದು ಕಡಿಮೆ. ಆದ್ದರಿಂದ ಪ್ರತಿ ಚೌಕಟ್ಟಿನ ಅಂಚನ್ನೂ ಅಷ್ಟೇ ಸಂಖ್ಯೆಯ ಭಾಗಗಳಾಗಿ ಗುರುತಿಸಿ, ಪಟ್ಟಿಯನ್ನು ಮುಂತುದಿಯ ಕಡೆಗೆ ಕಿರಿದಾಗಿಸಬೇಕು. ಆದರೆ ಅಗಲದ ಅರ್ಧಕ್ಕಿಂತ ಕಡಿಮೆ ಮಾಡಬಾರದು. ಪಟ್ಟಿಯನ್ನು ನೀರಲ್ಲಿ ನೆನೆಸಿ, ಬಿಸಿಯಾದ ಕೊಳವೆಯ ಮೇಲೆ ಮೆಲ್ಲನೆ ಬಗ್ಗಿಸಿ, ಒಣಗಿದ ಮೇಲೆಯೇ ಅಂಟಿಸಬೇಕು. ಎಡಕ್ಕೊಂದು ಹಾಕಿದರೆ ಬಲಕ್ಕೊಂದು. ಈ ನಿಯಮವನ್ನು ಅವರು ಸುದ್ದದಿಂದ ಗೋಡೆಯ ಮೇಲೆ ಬರೆದಿದ್ದಾರೆ. ಹಲಗೆಗಳ ಸಂದಿಗೆ ನಾರು ತುಂಬಿ ಡಾಂಬರು ಹೊಯ್ದಂತೆ ತೋರಲು ಪಟ್ಟಿಯ ಅಂಚಿಗೆ ಸೀಸದ ಕಡ್ಡಿಯ ಗೆರೆ ಸಾಕು. ಮರದ ಮೊಳೆಗಳಿಗೆ ಬಿದಿರಿನ ಸೀಳನ್ನು ಉಕ್ಕಿನ ತಗಡಿನ ತೂತುಗಳಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಕ್ರಮವಾಗಿ ಎಳೆದು ಕೂದಲೆಳೆಯಂತೆ ಮಾಡುತ್ತಾರೆ.

ಐದನೆಯದು ಹಾಯಿಕಂಬ. ದುಂಡು ಕೋಲನ್ನು ಕೊಂಡು ತರುವುದಿಲ್ಲ. ನೇರವಾದ ಎಳೆಯ ಚೌಕ ಕೋಲನ್ನು ತುದಿಗೆ ಸಣ್ಣದಾಗುವಂತೆ ಹೆರೆದು, ನಾಲ್ಕು ಮೂಲೆಯನ್ನು ಎಂಟು, ಎಂಟನ್ನು ಹದಿನಾರು ಮಾಡಿ, ಕಡೆಗೆ ದುಂಡಗೆ ಉಜ್ಜುತ್ತಾರೆ.

ಕೊನೆಯದು ಹಗ್ಗದ ಕೆಲಸ. ನೂಲಿನ ಮೂರು ಎಳೆಗಳನ್ನು ಹೊಸೆದು ಹಗ್ಗ ಮಾಡಿ, ರೋಮ ಏಳದಂತೆ ಜೇನುಮೇಣ ಸವರಬೇಕು. ಕಂಬವನ್ನು ನಿಲ್ಲಿಸಿ ಹಿಡಿಯುವ ಹಗ್ಗಗಳು ಕಪ್ಪು. ಹಾಯಿಯನ್ನು ಏರಿಸಿ ಇಳಿಸುವವು ಕಂದು. ಒಂದು ಹಗ್ಗವನ್ನು ಅತಿಯಾಗಿ ಬಿಗಿದರೆ ಮೊದಲು ಕಟ್ಟಿದ್ದು ಸಡಿಲವಾಗುತ್ತದೆ. ಎಲ್ಲವನ್ನೂ ಸಮನಾಗಿ ತೂಗಿಸಿಕೊಂಡು ಹೋಗಬೇಕು. ಕಂಬದಿಂದ ಇಳಿದ ಹಗ್ಗಗಳಿಗೆ ಅಡ್ಡಲಾಗಿ, ನಾವಿಕರು ಹತ್ತುವ ಏಣಿಯಂತೆ ಸಣ್ಣ ದಾರಗಳನ್ನು ಕಟ್ಟಬೇಕು. ನಿಜವಾದ ಹಡಗಿನಲ್ಲಿ ಅವುಗಳ ಅಂತರ ಸುಮಾರು 13 ಅಂಗುಲ; ಇಲ್ಲಿ ಮೂರೂವರೆ ಮಿಲಿಮೀಟರಿಗೂ ತುಸು ಕಡಿಮೆ. ಗೆರೆ ಹಾಕಿದ ರಟ್ಟನ್ನು ಹಿಂದೆ ಇಟ್ಟು, ಪ್ರತಿ ಹಗ್ಗಕ್ಕೂ ಒಂದು ಗಂಟು ಹಾಕುತ್ತ ಸಾಗಬೇಕು. ಗಂಟುಗಳ ಸಂಖ್ಯೆ ಸಾವಿರಕ್ಕೂ ಮಿಕ್ಕುತ್ತದೆ.

ಇಲ್ಲಿ ಯಜಮಾನರ ಕೈ ಸೋತಿತು. ಅವರ ಬೆರಳುಗಳಲ್ಲಿ ಸ್ವಲ್ಪ ನಡುಕವಿದೆ. ಉಳಿ ಹಿಡಿದಾಗ ಕಾಣದು; ದಾರ ಹಿಡಿದಾಗ ಕಾಣುತ್ತದೆ. ಮೂರು ದಿನ ಪ್ರಯತ್ನಿಸಿ ಚಿಮುಟವನ್ನು ಕೆಳಗಿಟ್ಟರಂತೆ. ಆ ತಾಯಿ ಬಾಗಿಲಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದವರು ಎದ್ದು ಬಂದು, "ಆ ಗಂಟು ಹ್ಯಾಂಗೈತಿ ತೋರಸ್ರಿ ನೋಡೋಣು" ಎಂದರಂತೆ. ದಾರವನ್ನು ಸುತ್ತಿ, ಮತ್ತೆ ಸುತ್ತಿ, ಕೆಳಗಿನಿಂದ ತೂರಿಸಿ ಎಳೆಯುವ ಗಂಟು. ಹೂವಿನ ತೊಟ್ಟಿಗೆ ಅವರು ಐವತ್ತು ವರ್ಷಗಳಿಂದ ಹಾಕುತ್ತ ಬಂದ ಕುಣಿಕೆಯ ಹತ್ತಿರದ ಬಂಧು. ಕಳೆದ ತಿಂಗಳು ನಾನು ಹೋದಾಗ ಮುಂಗಂಬದ ಎರಡೂ ಮಗ್ಗುಲು ಮುಗಿದಿದ್ದವು. ಅವರು ಹಗ್ಗ ಹೊಸೆದು ಕೊಡುತ್ತಾರೆ, ಇವರು ಗಂಟು ಹಾಕುತ್ತಾರೆ. ಮೇಜು ಇನ್ನೂ ತೆರವಾಗಿಲ್ಲ. ಊಟ ನೆಲದ ಮೇಲೆಯೇ, ಆದರೆ ಎಲ್ಲರೂ ಕೂಡಿ.

ಇನ್ನು ಆ ತಾಯಿಯ ಪ್ರಶ್ನೆ: ಪ್ರಯೋಜನವೇನು? ಪ್ರಶ್ನೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ನೌಕಾಪಡೆಯ ಹಡಗುಗಳಿಗೆ 48ರಲ್ಲಿ ಒಂದು ಭಾಗದ ಪ್ರತಿಕೃತಿಗಳನ್ನು ಮಾಡುತ್ತಿದ್ದರು. ಅವುಗಳ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳು ಕಾಣುವಂತೆ ಬಿಡುತ್ತಿದ್ದರು. ನೀರಿನೊಳಗೆ ಮುಳುಗಿ ಯಾರಿಗೂ ಕಾಣದಿರುವ ಭಾಗವನ್ನೇ ಅವರು ತೋರಿಸಲು ಯೋಗ್ಯವೆಂದು ಬಗೆದರು. ಮುಂದೆ 1797ರಲ್ಲಿ ಪೀಟರ್‌ಬರೋ ಬಳಿಯ ನಾರ್ಮನ್ ಕ್ರಾಸ್ ಎಂಬಲ್ಲಿ ಯುದ್ಧಕೈದಿಗಳ ಶಿಬಿರ ತೆರೆಯಿತು. ಅಲ್ಲಿದ್ದ ಫ್ರೆಂಚ್ ಕೈದಿಗಳು ಊಟದಲ್ಲಿ ಉಳಿದ ಎಲುಬು, ಮರದ ಚೂರುಗಳಿಂದ ಸೂಕ್ಷ್ಮವಾದ ಹಡಗುಗಳನ್ನು ಮಾಡಿ ಶಿಬಿರದ ಬಾಗಿಲ ಸಂತೆಯಲ್ಲಿ ಮಾರುತ್ತಿದ್ದರು. ಮಾರಾಟದ ಹಣ ಅವರಿಗೆ ಬೇಕಾಗಿತ್ತು, ನಿಜ. ಆದರೆ ಬಿಡುಗಡೆಯ ದಿನ ತಿಳಿಯದ ಮನುಷ್ಯನಿಗೆ ನಾಳೆ ಮಾಡಬೇಕಾದ ಕೆಲಸವೊಂದು ಇರುವುದು ಹಣಕ್ಕಿಂತ ಕಡಿಮೆಯ ಲಾಭವಲ್ಲ.

ನಿವೃತ್ತರಾದ ಹಿರಿಯರಿಗೂ ಬೇಕಾದುದು ಅದೇ. ವಾಚಕರೇ, ತಮ್ಮ ಮನೆಯಲ್ಲಿ ಇಂತಹ ಕೆಲಸಕ್ಕೆ ಕುಳಿತವರಿದ್ದರೆ ಅವರಿಗೆ ಬೆಳಕು ಬೀಳುವ ಒಂದು ಮೂಲೆಯನ್ನು ಬಿಟ್ಟುಕೊಡಿ. ಎಂದು ಮುಗಿಯುತ್ತದೆಂದು ಕೇಳಬೇಡಿ; ಆ ಪ್ರಶ್ನೆಯ ಆತುರವೇ ಇವರ ಮೊದಲ ತೊಲೆಯನ್ನು ಬಗ್ಗಿಸಿತು. ಕೇಳುವುದಾದರೆ, ಇಂದು ಏನು ಮಾಡಿದಿರಿ, ತೋರಿಸಿರೆಂದು ಕೇಳಿ. ಮಾಡಿದ್ದನ್ನು ಅವರೇ ಕಿತ್ತುಹಾಕಿದ ದಿನ ಕೋಪಿಸದೆ ಹತ್ತಿರ ಹೋಗಿ ಕುಳಿತುಕೊಳ್ಳಿ. ಅಂದು ಅವರಿಗೆ ಜೊತೆ ಬೇಕಾಗಿರುತ್ತದೆ.

ಟ್ರಿಂಕೋಮಲಿಯ ನಡುಗಂಬ, ಹಿಂಗಂಬಗಳ ಹಗ್ಗ ಇನ್ನೂ ಬಾಕಿ ಇದೆ. ಹೊರಡುವಾಗ ಯಜಮಾನರು ಹಡಗನ್ನು ಎತ್ತಿ, ಅಡಿತೊಲೆಗೆ ಕಣ್ಣಿಟ್ಟು ನೋಡಿರೆಂದು ನನ್ನ ಮುಂದೆ ಹಿಡಿದರು. ನೋಡಿದೆ. ತುದಿಯಿಂದ ತುದಿಗೆ ನೇರವಾಗಿತ್ತು.