ಕಾಲು ಹಿಡಿಯುವವರನ್ನು ಮೊದಲು ಕೊಳ್ಳಿ

ನಾನು ಕಾಲು ಹಿಡಿಯುವವನು. ತಪ್ಪು ತಿಳಿಯಬೇಡಿ, ಕೆಲಸಕ್ಕಾಗಿ ಇನ್ನೂ ಯಾರ ಕಾಲನ್ನೂ ಹಿಡಿದಿಲ್ಲ. ಕಬಡ್ಡಿಯಲ್ಲಿ ನನ್ನ ಜಾಗ ಲೆಫ್ಟ್ ಕಾರ್ನರ್. ಎದುರಾಳಿ ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚಿದ ಕ್ಷಣಕ್ಕೆ ಅವನ ಕಣಕಾಲು ಹಿಡಿದು ಎಳೆಯುವುದು ನನ್ನ ಕೆಲಸ. ಹಿಡಿತ ಸಿಕ್ಕರೆ ಚಪ್ಪಾಳೆ ನಾಲ್ಕು ಜನಕ್ಕೆ ಹಂಚಿಹೋಗುತ್ತದೆ. ತಪ್ಪಿದರೆ ಬೈಗುಳ ಮಾತ್ರ ಪೂರ್ತಿ ನನಗೇ.

ನನ್ನ ಗೆಳೆಯನೊಬ್ಬ ಕುಣಿಗಲ್‌ನವನು, ಅಪ್ಪಟ ರೈಡರ್. ನಾನು ಗುಬ್ಬಿ ಕಡೆಯವನು. ಓದು ಇಬ್ಬರದೂ ತುಮಕೂರಿನಲ್ಲಿ. ನಾನು ರೈಲಿನಲ್ಲಿ ಬರುತ್ತೇನೆ, ಅವನು ಬಸ್ಸಿನಲ್ಲಿ. ಪ್ರೊ ಕಬಡ್ಡಿ ಹರಾಜಿನ ಮಾತು ಶುರುವಾಯಿತೆಂದರೆ ಮಧ್ಯಾಹ್ನದ ಟಿಫನ್ ಬಾಕ್ಸ್ ಮುಗಿದರೂ ನಮ್ಮ ಜಗಳ ಮುಗಿಯುವುದಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾವೇ ಬೆಂಗಳೂರು ಬುಲ್ಸ್ ಮಾಲೀಕರು. ಒಂದು ತಂಡಕ್ಕೆ 5 ಕೋಟಿ ರೂಪಾಯಿ ಮಿತಿ, 18ರಿಂದ 25 ಆಟಗಾರರು, ಯಾರನ್ನು ಉಳಿಸಿಕೊಳ್ಳಬೇಕು, ಯಾರಿಗೆ ಎಷ್ಟು ಕೂಗಬೇಕು ಅಂತ ಬರೆಯುತ್ತೇವೆ, ಹೊಡೆದುಹಾಕುತ್ತೇವೆ. ಜೇಬಿನಲ್ಲಿ ಬಸ್ ಚಾರ್ಜಿಗೆ ಚಿಲ್ಲರೆ ಇರುವುದಿಲ್ಲ, ಆ ಮಾತು ಬೇರೆ.

‘ಮಗಾ, ಪಾಯಿಂಟ್ ತರೋನು ರೈಡರ್. ನೀವು ಏಳು ಜನ ನಿಂತ್ಕಂಡು ಕಾಯ್ತೀರ, ನಾವು ಒಬ್ರೇ ಹೋಗಿ ಬರ್ತೀವಿ. ದುಡ್ಡು ಯಾರಿಗೆ ಕೊಡ್ಬೇಕು ನೀನೇ ಹೇಳು’ ಅನ್ನುವುದು ಅವನ ವಾದ.

ನನ್ನ ವಾದ ಬೇರೆ. ಬುಲ್ಸ್ ಈ ಸಲವೂ ಮೊದಲು ಡಿಫೆನ್ಸ್‌ಗೆ ದುಡ್ಡು ತೆಗೆದಿಡಬೇಕು. ಇದು ಕಾರ್ನರ್ ಆಟಗಾರನ ಸ್ವಂತ ಹೊಟ್ಟೆಕಿಚ್ಚಲ್ಲ (ಸ್ವಲ್ಪ ಇದೆ, ಒಪ್ಪಿಕೊಳ್ಳುತ್ತೇನೆ). ಕಳೆದ ಕೆಲವು ಸೀಸನ್‌ಗಳ ಲೆಕ್ಕವನ್ನೇ ತೆಗೆದು ನೋಡಿ.

11ನೇ ಸೀಸನ್‌ಗೆ, ಅಂದರೆ 2024ರಲ್ಲಿ, ನಮ್ಮ ತಂಡ ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಪ್ರದೀಪ್ ನರ್ವಾಲ್‌ಗೆ 70 ಲಕ್ಷ ಕೊಟ್ಟಿತು. ಪ್ರದೀಪ್ ಅಂದರೆ ಸಾಮಾನ್ಯನಲ್ಲ, ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದವನು. ಅವನು ವಾಪಸ್ ಬಂದ ದಿನ ನನ್ನ ಗೆಳೆಯ ನಮಗೆಲ್ಲ ಟೀ ಕೊಡಿಸಿದ್ದ. ಆಮೇಲೇನಾಯಿತು? 22 ಪಂದ್ಯಗಳಲ್ಲಿ ಗೆದ್ದಿದ್ದು ಎರಡೇ ಎರಡು. 12 ತಂಡಗಳಲ್ಲಿ 12ನೇ ಸ್ಥಾನ. ಆ ಟೀ ದುಡ್ಡನ್ನು ನಾವು ಈಗಲೂ ಅವನಿಗೆ ನೆನಪಿಸುತ್ತಿರುತ್ತೇವೆ.

ಮರುವರ್ಷ ಕೋಚ್ ಬದಲಾದರು. ಮೊದಲ ಸೀಸನ್‌ನಿಂದ ಇದ್ದ ರಣಧೀರ್ ಸಿಂಗ್ ಸೆಹ್ರಾವತ್ ಜಾಗಕ್ಕೆ ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಬಂದರು. ಬೆಂಗಾಲ್ ವಾರಿಯರ್ಸ್, ಪುಣೇರಿ ಪಲ್ಟನ್ ಎರಡಕ್ಕೂ ಕಪ್ ಗೆಲ್ಲಿಸಿಕೊಟ್ಟವರು. ಮುಂಬೈ ಹರಾಜಿನಲ್ಲಿ ಬುಲ್ಸ್ ದೊಡ್ಡ ದುಡ್ಡು ಸುರಿದಿದ್ದು ರೈಡರ್‌ಗಲ್ಲ, ಕಾರ್ನರ್‌ಗಳಿಗೆ. ಬಲಕ್ಕೆ ಯೋಗೇಶ್ ದಹಿಯಾ, 1.125 ಕೋಟಿ. ಎಡಕ್ಕೆ ಅಂಕುಶ್ ರಾಠಿ, 90 ಲಕ್ಷ. ಕವರ್‌ಗೆ ಸಂಜಯ್ ಧುಲ್. ‘ಇವ್ರೆಲ್ಲ ಹಿಡಿಯೋರು, ಹೋಗೋರು ಯಾರೋ?’ ಎಂದು ಗೆಳೆಯ ತಲೆ ಚಚ್ಚಿಕೊಂಡ. ಅದೇ ತಂಡ ಲೀಗ್ ಹಂತದಲ್ಲಿ 3ನೇ ಸ್ಥಾನಕ್ಕೆ ಬಂತು. ಕೊನೆಯಿಂದ ಮೂರಕ್ಕೆ, ಒಂದೇ ವರ್ಷದಲ್ಲಿ.

ಇಲ್ಲಿ ಗೆಳೆಯನಿಗೂ ನ್ಯಾಯ ಸಲ್ಲಿಸಬೇಕು. ಆ ಸೀಸನ್‌ನಲ್ಲಿ ಇರಾನಿನ ಅಲಿರೆಜಾ ಮಿರ್ಜಾಯಿಯನ್ ರೈಡಿಂಗ್‌ನಲ್ಲಿ ಆಡಿದ ಆಟ ಇಲ್ಲದಿದ್ದರೆ ಕಾರ್ನರ್‌ಗಳು ಎಷ್ಟು ಹಿಡಿದರೂ ಪ್ರಯೋಜನ ಇರುತ್ತಿರಲಿಲ್ಲ. ರೈಡರ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅಲಿರೆಜಾನನ್ನು ತಂದಿದ್ದು ಕೋಟಿ ಸುರಿದಲ್ಲ. ಒಳ್ಳೆಯ ರೈಡರ್ ಹರಾಜಿನ ಮೂಲೆಯಲ್ಲಿ ಕಡಿಮೆ ಬೆಲೆಗೂ ಸಿಗಬಹುದು, ಬಂದ ಮೊದಲ ವಾರವೇ ಅಂಕ ತರಬಹುದು. ಅವನ ಆಟ ಅವನ ಕಾಲಲ್ಲಿದೆ. ಡಿಫೆನ್ಸ್ ಹಾಗಲ್ಲ. ನಾನು ಕಾಲು ಹಿಡಿದ ಅರೆಕ್ಷಣದಲ್ಲಿ ಕವರ್‌ನವನು ಬಂದು ಸೊಂಟಕ್ಕೆ ಬೀಳದಿದ್ದರೆ ರೈಡರ್ ನನ್ನನ್ನೂ ಎಳೆದುಕೊಂಡು ಮಧ್ಯದ ಗೆರೆ ಮುಟ್ಟುತ್ತಾನೆ. ಅವನು ಬರುತ್ತಾನೆ ಎಂಬ ನಂಬಿಕೆ ಇಲ್ಲದಿದ್ದರೆ ನಾನು ಕೈ ಹಾಕುವುದೇ ಇಲ್ಲ. ಆ ನಂಬಿಕೆ ಹುಟ್ಟಲು ನಮ್ಮ ತಂಡದಲ್ಲಿ ನನಗೂ ನನ್ನ ಕವರ್‌ಗೂ ಒಂದೂವರೆ ವರ್ಷ ಹಿಡಿಯಿತು, ಅದರಲ್ಲಿ ಮೂರು ತಿಂಗಳು ಮಾತು ಬಿಟ್ಟಿದ್ದೂ ಸೇರಿದೆ.

ಆದ್ದರಿಂದ ಈ ಹರಾಜಿಗೆ ಮುನ್ನ ನನ್ನ ಮೊದಲ ಬೇಡಿಕೆ ಹೊಸಬರನ್ನು ಕೊಳ್ಳುವುದಲ್ಲ, ಇದ್ದವರನ್ನು ಬಿಡದಿರುವುದು. ಯೋಗೇಶ್ ಇರಲಿ. ದೊಡ್ಡ ಹೆಸರಿಲ್ಲದೆ ಬಂದು ಟ್ಯಾಕಲ್ ಮೇಲೆ ಟ್ಯಾಕಲ್ ಮಾಡಿದ ದೀಪಕ್ ಶಂಕರ್ ಇರಲೇಬೇಕು. ಯಾರನ್ನಾದರೂ ಹರಾಜಿಗೆ ಬಿಟ್ಟರೂ ಫೈನಲ್ ಬಿಡ್ ಮ್ಯಾಚ್ ಕಾರ್ಡ್ ಅನ್ನು ಡಿಫೆಂಡರ್‌ಗಾಗಿಯೇ ಇಟ್ಟುಕೊಳ್ಳಲಿ. ಬೇರೆ ತಂಡ ಕೂಗಿದ ಕೊನೆಯ ಬೆಲೆಗೇ ನಮ್ಮವನನ್ನು ನಾವು ಉಳಿಸಿಕೊಳ್ಳಬಹುದಲ್ಲ, ಅದಕ್ಕೇ ಇರುವುದು ಆ ಕಾರ್ಡ್. ಆಮೇಲೆ ಇನ್ನೊಬ್ಬ ಗಟ್ಟಿ ಕವರ್. ಕಳೆದ ಸಲ ಪ್ಲೇ ಆಫ್‌ನಲ್ಲಿ ತೆಲುಗು ಟೈಟನ್ಸ್, ಪಟ್ನಾ ಪೈರೇಟ್ಸ್ ಇಬ್ಬರ ಎದುರೂ ಸೋತು ಹೊರಬಿದ್ದೆವು. ಒತ್ತಡದ ಪಂದ್ಯದಲ್ಲಿ ಮೊದಲ ಏಳರಲ್ಲಿ ಒಬ್ಬ ಮಂಕಾದರೆ ಬೆಂಚಿನಿಂದ ಎದ್ದುಬರಲು ಅಷ್ಟೇ ಗಟ್ಟಿ ಆಟಗಾರ ಬೇಕು.

ಬಿಡುವುದರ ಬೆಲೆ ಏನೆಂದು ಬುಲ್ಸ್ ಅಭಿಮಾನಿಗಳಿಗೆ ಹೇಳಬೇಕಾಗಿಲ್ಲ. ಸೌರಭ್ ನಂದಾಲ್ ನಮ್ಮಲ್ಲೇ ಬೆಳೆದ ರೈಟ್ ಕಾರ್ನರ್. 11ನೇ ಸೀಸನ್ ಮುಳುಗಿದ ಮೇಲೆ ಅವನನ್ನೂ ಬಿಟ್ಟರು. ದಬಾಂಗ್ ಡೆಲ್ಲಿ ಎತ್ತಿಕೊಂಡಿತು. 2025ರ ಅಕ್ಟೋಬರ್ 31ರಂದು ಡೆಲ್ಲಿ 31–28ರಿಂದ ಪುಣೆಯನ್ನು ಮಣಿಸಿ ಕಪ್ ಎತ್ತಿದಾಗ ಆ ತಂಡದ ಒಂದು ಮೂಲೆ ಇರಾನಿನ ಫಜಲ್ ಅತ್ರಾಚಲಿಯದು, ಇನ್ನೊಂದು ನಮ್ಮ ಸೌರಭ್‌ನದು. ಮೂರೇ ಅಂಕದ ಅಂತರ. ಟಿವಿ ಆರಿಸಿ ಊಟ ಮಾಡದೆ ಮಲಗಿದೆ. ‘ನಿನ್ ಮೂತಿ ಯಾಕೆ ಹಿಂಗಾಗಿದೆ, ಗೆದ್ದೋನು ನಮ್ಮೋನೇ ಅಂದ್ಯಲ್ಲ?’ ಎಂದು ಅಮ್ಮ ಕೇಳಿದರು. ಹೇಗೆ ವಿವರಿಸುವುದು?

‘ಒಂದೆರಡು ಉದಾಹರಣೆ ಸಾಕಾಗಲ್ಲ’ ಅಂತಾನೆ ಗೆಳೆಯ. ಸರಿ, ಇನ್ನೂ ಇವೆ. 9ನೇ ಸೀಸನ್‌ನಲ್ಲಿ ತಮಿಳ್ ತಲೈವಾಸ್ 2 ಕೋಟಿಗೂ ಹೆಚ್ಚು ಕೊಟ್ಟು ಪವನ್ ಸೆಹ್ರಾವತ್‌ನನ್ನು ಕೊಂಡಿತು. ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟಾಗಿ ಸೀಸನ್ನಿಂದಲೇ ಹೊರಗುಳಿದ. ಆದರೂ ತಲೈವಾಸ್ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಯುವಕ ನರೇಂದರ್ ರೈಡಿಂಗ್ ಹೊತ್ತುಕೊಂಡ, ನಿಜ. ಆದರೆ ಹಿಂದೆ ಸಾಗರ್, ಸಾಹಿಲ್ ಗುಲಿಯಾರಂಥ ಕಾರ್ನರ್‌ಗಳು ಗೋಡೆ ಕಟ್ಟಿ ನಿಂತಿದ್ದರು. ಮರುವರ್ಷ ಅದೇ ಪವನ್‌ಗೆ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟಿತು. ಅವನು ಸೀಸನ್ ಪೂರ್ತಿ ಅಂಕ ಬಾಚಿದರೂ ತಂಡ ಕೊನೆಯ ಸ್ಥಾನದಲ್ಲಿತ್ತು. ಇದರಲ್ಲಿ ಪವನ್ ತಪ್ಪೇನಿದೆ? ಒಬ್ಬನೇ ನೀರು ಹೊತ್ತು ತರುತ್ತಿದ್ದ, ಕೊಡದ ತಳ ತೂತಾಗಿತ್ತು.

ಪವನ್ ಹೆಸರು ಬಂದರೆ ಗೆಳೆಯ ಬಿಡುವುದಿಲ್ಲ. 2019ರ ಜನವರಿ 5ರ ಫೈನಲ್, ಗುಜರಾತ್ ವಿರುದ್ಧ 38–33, ಅದರಲ್ಲಿ ಪವನ್ ಒಬ್ಬನೇ 22 ಅಂಕ. ಬುಲ್ಸ್ ಗೆದ್ದಿರುವ ಒಂದೇ ಕಪ್ ಅದು. ನಾನೂ ಆಗ ಹೈಸ್ಕೂಲಿನಲ್ಲಿದ್ದೆ, ನಾನೂ ಕುಣಿದಿದ್ದೆ. ಆದರೆ ಆ ಸೀಸನ್ನಿನ ಮಹೇಂದರ್ ಸಿಂಗ್‌ನ ಕವರ್ ಆಟ ಯಾರಿಗೆ ನೆನಪಿದೆ? ಪವನ್ ಔಟಾಗಿ ಹೊರಗೆ ಕೂತಾಗೆಲ್ಲ ಯಾರಾದರೂ ಎದುರಾಳಿಯನ್ನು ಹಿಡಿಯಲೇಬೇಕಿತ್ತಲ್ಲ, ಅವನು ಮತ್ತೆ ಅಂಕಣಕ್ಕೆ ಬರಲು? ಟಿವಿಯಲ್ಲಿ ಟ್ಯಾಕಲ್ ಎಂದರೆ ಒಂದು ಅಂಕ ಅಷ್ಟೇ. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಎದುರಾಳಿಯ ಮುಖ್ಯ ರೈಡರ್ ಹೊರಗೆ ಕೂರುತ್ತಾನೆ, ನಮ್ಮವನೊಬ್ಬ ಒಳಗೆ ಬರುತ್ತಾನೆ. ಅಂಕಣದಲ್ಲಿ ಮೂವರೇ ಉಳಿದಿದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ.

ಇಷ್ಟೇಕೆ, ಏಷ್ಯನ್ ಗೇಮ್ಸ್‌ಗೆ ಕಬಡ್ಡಿ ಸೇರಿದಾಗಿನಿಂದ ಪುರುಷರ ಚಿನ್ನ ಬಿಡದ ಭಾರತವನ್ನು 2018ರಲ್ಲಿ ಜಕಾರ್ತದ ಸೆಮಿಫೈನಲ್‌ನಲ್ಲಿ ಇರಾನ್ 27–18ರಿಂದ ಕೆಡವಿತು. ನಮ್ಮವರು 18 ಅಂಕಕ್ಕೆ ನಿಂತರು ಎಂದರೆ ಎದುರಿಗಿದ್ದ ಡಿಫೆನ್ಸ್ ಹೇಗಿತ್ತು ಊಹಿಸಿ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಕಡೆ ಕಾರ್ನರ್ ಕಲಿಯುವ ಹುಡುಗರು ಯಾಕೆ ಕಡಿಮೆ? ಲೀಗ್‌ನಲ್ಲಿ ಹೆಸರು ಮಾಡಿದ ಕನ್ನಡಿಗರನ್ನು ನೆನೆಸಿಕೊಳ್ಳಿ. ಸುಕೇಶ್ ಹೆಗ್ಡೆ, ಪ್ರಶಾಂತ್ ರೈ. ಇಬ್ಬರೂ ರೈಡರ್‌ಗಳು, ಇಬ್ಬರೂ ಕರಾವಳಿಯವರು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಹೊನಲು ಬೆಳಕಿನ ಪಂದ್ಯಾವಳಿ ಇಟ್ಟರೆ ಮೈಕಿನಲ್ಲಿ ಕೂಗುವುದು ರೈಡರ್ ಹೆಸರು. ‘ಉತ್ತಮ ದಾಳಿಗಾರ’ನಿಗೆ ಆಳೆತ್ತರದ ಟ್ರೋಫಿ, ‘ಉತ್ತಮ ಹಿಡಿತಗಾರ’ನಿಗೆ ಗೇಣುದ್ದದ್ದು. ನನ್ನ ಮನೆಯ ಶೋಕೇಸಿನಲ್ಲಿ ಅಂಥವು ನಾಲ್ಕಿವೆ, ಸ್ಟೀಲ್ ಲೋಟಗಳ ಮರೆಯಲ್ಲಿ ಕಾಣುವುದಿಲ್ಲ.

ಟ್ರೋಫಿಯ ಗಾತ್ರ ಹೋಗಲಿ ಬಿಡಿ. ಹೋದ ವರ್ಷ ಕ್ರೀಡಾ ಕೋಟಾದ ಒಂದು ನೇಮಕಾತಿ ಟ್ರಯಲ್ಸ್‌ಗೆ ಹೋಗಿದ್ದೆವು, ನಾನೂ ಗೆಳೆಯನೂ. ಯಾವ ಇಲಾಖೆ ಎಂದು ಬರೆಯುವುದಿಲ್ಲ. ನೂರಾರು ಹುಡುಗರು. ಒಂದೊಂದು ಗುಂಪಿಗೆ ಕೆಲವೇ ನಿಮಿಷ. ಗೆಳೆಯ ಮೂರು ರೈಡ್ ಮಾಡಿದ, ಎರಡು ಅಂಕ ತಂದ, ಪಟ್ಟಿಯಲ್ಲಿ ಅವನ ನಂಬರಿನ ಮುಂದೆ ಗುರುತು ಬಿತ್ತು. ನಾನು ಎಡ ಮೂಲೆಯಲ್ಲಿ ನಿಂತಿದ್ದೆ. ಬಂದ ರೈಡರ್‌ಗಳೆಲ್ಲ ಬಲಗಡೆಗೇ ಹೋದರು. ನನ್ನ ಕಡೆಗೆ ಒಬ್ಬನೂ ಸುಳಿಯಲಿಲ್ಲ. ಸುಳಿಯದಂತೆ ನಿಂತಿದ್ದೇ ನನ್ನ ಆಟ ಸಾರ್ ಎಂದು ಯಾರಿಗೆ ಹೇಳಲಿ? ಸೀಟಿ ಊದಿದರು, ಮುಂದಿನ ಗುಂಪು ಬಂತು. ಮತ್ತೊಂದು ತೊಂದರೆ, ಅಲ್ಲಿದ್ದದ್ದು ಮ್ಯಾಟ್. ನಾನು ಕಲಿತದ್ದು ಬರಿಗಾಲಲ್ಲಿ, ಮಣ್ಣಿನ ಮೇಲೆ. ಮಣ್ಣಿನಲ್ಲಿ ಹೆಬ್ಬೆರಳು ಊರಿ ಮುನ್ನುಗ್ಗುತ್ತೇವೆ. ಮ್ಯಾಟ್ ಮೇಲೆ ಶೂ ಹಾಕಿಕೊಂಡು ನಿಂತರೆ ಆ ಲೆಕ್ಕವೆಲ್ಲ ತಲೆಕೆಳಗು. ರೈಡರ್‌ಗೂ ಮ್ಯಾಟ್ ಹೊಸದೇ, ಆದರೆ ಅವನಿಗೆ ಓಡಾಡಿ ಹೊಂದಿಕೊಳ್ಳಲು 30 ಸೆಕೆಂಡ್ ಇರುತ್ತದೆ. ನನಗಿರುವುದು ಒಂದೇ ಒಂದು ನೆಗೆತ.

ಹಾಗಾಗಿ ಬುಲ್ಸ್‌ಗೆ ನನ್ನ ಎರಡನೇ ಬೇಡಿಕೆ ಹರಾಜಿನ ಹಾಲ್‌ನ ಹೊರಗಿನದು. ಹರಾಜಿಲ್ಲದೆಯೇ ಹೊಸ ಯುವ ಆಟಗಾರರನ್ನು ಸೇರಿಸಿಕೊಳ್ಳಲು ತಂಡಗಳಿಗೆ ಅವಕಾಶ ಇದೆ. ಆ ಜಾಗಗಳಲ್ಲಿ ಒಂದನ್ನಾದರೂ ಕರ್ನಾಟಕದ ಕಾರ್ನರ್ ಹುಡುಗನಿಗೆ ಇಡಲಿ. ಆಯ್ಕೆಗೆ ಬಂದವರಿಗೆ ಐದು ನಿಮಿಷದ ಪಂದ್ಯವಲ್ಲ, ಇಬ್ಬರು ಮೂವರು ಡಿಫೆಂಡರ್‌ಗಳನ್ನು ಜೊತೆಯಾಗಿ ಒಂದು ವಾರ ಆಡಿಸಿ ನೋಡಲಿ. ಕಳೆದ ಎರಡು ಸೀಸನ್ ಬೆಂಗಳೂರಿನಲ್ಲಿ ಒಂದು ಪಂದ್ಯವೂ ನಡೆಯಲಿಲ್ಲ, ಕಂಠೀರವದ ಗ್ಯಾಲರಿಯಲ್ಲಿ ಕೂತು ಕೂಗುವ ಭಾಗ್ಯವೂ ನಮಗಿಲ್ಲ. ಕೋಚ್ ಕನ್ನಡಿಗರೇ ಇರುವಾಗ ತುಮಕೂರಿಗೋ ಹಾಸನಕ್ಕೋ ಒಂದು ಮ್ಯಾಟ್ ಹೊತ್ತು ತರುವುದು ಅಷ್ಟು ದೂರದ ಮಾತೇ?

‘ನಿಂದು ಹರಾಜಿನ ಲೆಕ್ಕ ಅಲ್ಲ, ನಿನ್ ಸ್ವಂತ ಅರ್ಜಿ’ ಎಂದು ಗೆಳೆಯ ನಕ್ಕ. ಇರಬಹುದು. ನಾನೂ ಬಿಡಲಿಲ್ಲ. ‘ನಿಮ್ಮೂರ ಕುದುರೆ ಫಾರಂನಲ್ಲಿ ರೇಸಿಗೆ ಕುದುರೆ ಸಾಕ್ತಾರಲ್ಲ, ಕೊಳ್ಳೋರು ಮೊದಲು ಏನ್ ನೋಡ್ತಾರೆ?’

‘ಕಾಲು’ ಅಂದ.

‘ನಮ್ಗೂ ಅದೇ ಕೆಲ್ಸ ಕಣೋ.’

ಅವನಿಗೆ ಆ ಟ್ರಯಲ್ಸ್‌ನ ಎರಡನೇ ಸುತ್ತಿಗೆ ಕರೆ ಬಂತು, ಅಲ್ಲಿ ಆಗಲಿಲ್ಲ. ನನಗೆ ಕರೆಯೇ ಬರಲಿಲ್ಲ. ಇಬ್ಬರೂ ಈಗ ಬೆಳಿಗ್ಗೆ ಸಾಮಾನ್ಯ ಜ್ಞಾನ ಓದುತ್ತೇವೆ, ಸಂಜೆ ಕಬಡ್ಡಿ ಆಡುತ್ತೇವೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವನ ಬುಲ್ಸ್‌ಗೆ ಈಗಲೂ ಕೋಟಿ ಮೀರಿದ ರೈಡರ್‌ಗಳು ಇಬ್ಬರು, ನನ್ನದರಲ್ಲಿ ಒಬ್ಬನೂ ಇಲ್ಲ.

ಮೊನ್ನೆ ರಾತ್ರಿ ಹತ್ತು ಗಂಟೆಗೆ ಅವನ ಮೆಸೇಜ್ ಬಂತು: ‘ಭಾನುವಾರ ಕುಣಿಗಲ್ ಹತ್ರ ಟೂರ್ನಮೆಂಟ್ ಇದೆ. ಟೀಮಲ್ಲಿ ರೈಡರ್ ನಾಲ್ಕು ಜನ ಇದೀವಿ. ಲೆಫ್ಟ್ ಕಾರ್ನರ್ ಯಾರೂ ಸಿಗ್ತಿಲ್ಲ. ಬರ್ತೀಯಾ?’

ನನ್ನ ಮೂಲ ಬೆಲೆ ಎಷ್ಟು ಅಂತ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.