ಹರೆಯದ ಪ್ರಶ್ನೆಗೆ ಮೌನವೇ ಉತ್ತರವೇ?

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮೂರು ವರ್ಷಗಳ ಬಳಿಕ ಕಾಸರಗೋಡು ಕೇರಳದ ಪಾಲಾಯಿತು. ಅಂದಿನಿಂದ ನಾವು ಎರಡೂ ಕಡೆಯವರು ಕನ್ನಡ ಶಾಲೆಗಾಗಿ, ಕನ್ನಡ ಪಠ್ಯಪುಸ್ತಕಕ್ಕಾಗಿ ಮನವಿ ಬರೆಯುತ್ತಲೇ ಇದ್ದೇವೆ. ನಾನೂ ಬರೆದವನೇ. ಆದರೆ ಆ ಶಾಲೆಯ ಬೆಂಚಿನ ಮೇಲೆ ಕುಳಿತ ಹದಿನೈದರ ಹುಡುಗ ಹುಡುಗಿಯರು ಏನು ಕೇಳಲು ಹಂಬಲಿಸುತ್ತಾರೆಂದು ನಾವು ವಿಚಾರಿಸಿದ್ದುಂಟೇ?

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಒಂದು ಕನ್ನಡ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದಾಗ ಒಮ್ಮೆ ಖಾಲಿ ಸೀಮೆಸುಣ್ಣದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ‘ಎಚ್‌ಐವಿ ಬಗ್ಗೆ ಏನು ಸಂಶಯವಿದ್ದರೂ ಹೆಸರು ಹಾಕದೆ ಬರೆದು ಹಾಕಿ’ ಎಂದೆ. ಚೀಟಿಗಳು ತುಂಬಿದವು. ಸೊಳ್ಳೆ ಕಚ್ಚಿದರೆ ಬರುತ್ತದೆಯೇ? ಒಂದೇ ತಟ್ಟೆಯಲ್ಲಿ ಉಂಡರೆ? ಮುಖ ನೋಡಿದರೆ ಗೊತ್ತಾಗುತ್ತದೆಯೇ? ಒಂದು ಚೀಟಿಯಲ್ಲಿ ಪ್ರಶ್ನೆಯೇ ಇರಲಿಲ್ಲ: ‘ನಮ್ಮಪ್ಪ ಆ ರೋಗದಿಂದ ಸತ್ತರು. ನಮ್ಮ ಮನೇಲಿ ಯಾರೂ ನೀರು ಕುಡಿಯೋದಿಲ್ಲ.’

ಮರುದಿನ ಊರಿನ ಹಿರಿಯರು ಬಂದು, ‘ಮೇಷ್ಟ್ರೇ, ಮಕ್ಕಳ ತಲೆ ಕೆಡಿಸಬೇಡಿ’ ಎಂದರು. ನಾನು ಪೆಟ್ಟಿಗೆಯನ್ನು ಬೀರುವಿನೊಳಗಿಟ್ಟೆ. ಆ ಮಗುವಿಗೆ ಉತ್ತರ ಕೊಡಲಿಲ್ಲ. ಅದು ನನ್ನ ಹೇಡಿತನ. ಅದನ್ನು ಒಪ್ಪಿಕೊಂಡೇ ಈ ಮಾತು ಬರೆಯುತ್ತಿದ್ದೇನೆ.

ತಿಳಿಸಿದರೆ ಮಕ್ಕಳು ಕೆಡುತ್ತಾರೆ ಎಂಬುದು ಹಳೆಯ ವಾದ. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಇದೇ ಮಾತಾಡಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದವು. ಆದರೆ ಇಂಥ ಶಿಕ್ಷಣದಿಂದ ಮಕ್ಕಳು ಬೇಗ ದಾರಿ ತಪ್ಪುವುದಿಲ್ಲವೆಂದು, ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಯುನೆಸ್ಕೊ 2018ರ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ತಿಳಿವಳಿಕೆ ಕೆಡಿಸುವುದಿಲ್ಲ, ಅರೆತಿಳಿವಳಿಕೆ ಕೆಡಿಸುತ್ತದೆ. ಅಕ್ಷರ ಬಂದರಷ್ಟೇ ಸಾಲದು ಎಂಬುದಕ್ಕೂ ಸಾಕ್ಷಿಯಿದೆ: 2003ರಲ್ಲಿ, ಸಾಕ್ಷರತೆಗೆ ಹೆಸರಾದ ಕೇರಳದಲ್ಲೇ, ಕೊಲ್ಲಂ ಜಿಲ್ಲೆಯ ಸೋಂಕಿತ ಎಳೆಯ ಮಕ್ಕಳಿಬ್ಬರು ಶಾಲೆಯಿಂದ ಹೊರಗುಳಿಯಬೇಕಾಯಿತು.

ಅಂದು ಹೇಳದ ಉತ್ತರವನ್ನು ಇಂದಾದರೂ ಹೇಳುತ್ತೇನೆ. ಸೊಳ್ಳೆಯಿಂದ, ತಟ್ಟೆಯಿಂದ, ಒಂದೇ ಬೆಂಚಿನಲ್ಲಿ ಕೂರುವುದರಿಂದ ಎಚ್‌ಐವಿ ಬರುವುದಿಲ್ಲ. ಅದು ಹರಡುವುದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ, ಒಬ್ಬರು ಚುಚ್ಚಿಕೊಂಡ ಸೂಜಿಯಿಂದ, ತಾಯಿಯಿಂದ ಮಗುವಿಗೆ. ಮುಖ ನೋಡಿ ತಿಳಿಯದು, ರಕ್ತಪರೀಕ್ಷೆಯಿಂದಲೇ ತಿಳಿಯಬೇಕು. ಸರಕಾರ 2004ರಿಂದ ಮದ್ದನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ನುಂಗಿ, ಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಕಡಿಮೆಯಾಗಿ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಇನ್ನೊಬ್ಬರಿಗೆ ಹರಡುವುದಿಲ್ಲ. ಸಕಾಲದಲ್ಲಿ ಚಿಕಿತ್ಸೆ ಪಡೆದ ತಾಯಿ ಸೋಂಕಿಲ್ಲದ ಮಗುವನ್ನು ಹೆರಬಹುದು. 2017ರ ಕಾಯಿದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಶಾಲೆ, ಕೆಲಸ, ಚಿಕಿತ್ಸೆ ನಿರಾಕರಿಸುವಂತಿಲ್ಲ.

ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಒಂದು ಪಿರಿಯಡ್ಡು ಸಾಕು. ಆದರೆ ಕೋಸಿಗಿ, ಮಂತ್ರಾಲಯದ ಕಡೆಯ ಎಷ್ಟೋ ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಆ ಒಂದು ಪಿರಿಯಡ್ಡು ತಪ್ಪಿದರೆ ಆ ಹುಡುಗನಿಗೆ ಮತ್ತೆ ಯಾರು ಹೇಳುತ್ತಾರೆ? ಶಾಲೆಯಲ್ಲಿ ಕನ್ನಡ ಓದಿದವನು ಆಸ್ಪತ್ರೆಯ ಗೋಡೆಯಲ್ಲಿ ತೆಲುಗು ಓದಬೇಕು. ಗಟ್ಟಿಯಾಗಿ ಕೇಳೋಣವೆಂದರೆ ನಾಚಿಕೆ. ಭಾಷೆಗಾಗಿ ಹೋರಾಡುವ ನಾವು ಆ ಗೋಡೆಯ ಮೇಲೆ ಕನ್ನಡದ ನಾಲ್ಕು ಸಾಲು ಬರೆಸಿ ಎಂದು ಒಂದು ಮನವಿಯನ್ನಾದರೂ ಕೊಟ್ಟಿದ್ದೇವೆಯೇ?

ಗಡಿನಾಡಿನ ಬಂಧುಗಳೇ, ತಾಯ್ನುಡಿ ಎಂದರೆ ರಾಜ್ಯೋತ್ಸವದ ಭಾಷಣವಷ್ಟೇ ಅಲ್ಲ. ಮಗು ಅಂಜದೆ ಪ್ರಶ್ನೆ ಕೇಳಬಲ್ಲ ನುಡಿಯೇ ತಾಯ್ನುಡಿ. ನಿಮ್ಮ ಮನೆಯ ಹದಿನೈದರ ಮಗುವನ್ನು ಇಂದೇ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ನೀರು ಕುಡಿಯಲು ಯಾರೂ ಬಾರದ ಮನೆಯೊಂದು ನಿಮ್ಮ ಬೀದಿಯಲ್ಲಿದ್ದರೆ ಆ ಮಗುವನ್ನೂ ಕರೆದುಕೊಂಡು ಹೋಗಿ, ಒಂದು ಲೋಟ ನೀರು ಕೇಳಿ ಕುಡಿದು ಬನ್ನಿ.